ಸೈಂಧವ ಉಪ್ಪಿಗೆ ಬದಲಾಯಿಸಿದ್ದೇವೆ, ಸೊಸೆ ಗರ್ಭಿಣಿ. ಅಯೋಡಿನ್ ಬೇಕಾ, ಬೇಡವಾ?

ಪ್ರಶ್ನೆ: ನನಗೆ 54 ವರ್ಷ. ಊರು ಕೊಪ್ಪದ ಹತ್ತಿರ. ನಾವು ಸಸ್ಯಾಹಾರಿಗಳು. ಎರಡು ವರ್ಷದ ಹಿಂದೆ ನನಗೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾಯಿತು. ಆಂಟಿ ಟಿಪಿಒ ಅನ್ನೋ ಪರೀಕ್ಷೆಯಲ್ಲೂ ಜಾಸ್ತಿ ಬಂತು. 50 ಮೈಕ್ರೋಗ್ರಾಂ ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ಕಾಫಿ ಜೊತೆ ಅದನ್ನೂ ಮಂಡಿನೋವಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ತಪ್ಪದೆ ತಗೊಳ್ಳುತ್ತೇನೆ. ಆದರೂ ಟಿಎಸ್‌ಎಚ್ 11ರಿಂದ ಕೆಳಗೆ ಇಳಿಯುತ್ತಿಲ್ಲ. ಅಯೋಡಿನ್ ಉಪ್ಪು ಬಂದ ಮೇಲೇ ಮನೆಮನೆಯಲ್ಲೂ ಥೈರಾಯ್ಡ್ ಶುರುವಾಯಿತು ಎಂದು ಪರಿಚಯದವರು ಹೇಳಿದರು. ಹಾಗಾಗಿ ಎಂಟು ತಿಂಗಳಿಂದ ಅಡುಗೆಗೆಲ್ಲ ಸೈಂಧವ ಉಪ್ಪು, ಉಪ್ಪಿನಕಾಯಿಗೆ ಗೋಕರ್ಣದ ಕಡೆಯ ಹರಳುಪ್ಪು ಹಾಕುತ್ತಿದ್ದೇವೆ. ಆದರೆ ನಮ್ಮತ್ತೆಗೆ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ಅವರ ಕಾಲದಲ್ಲಿ ಅಯೋಡಿನ್ ಉಪ್ಪೇ ಇರಲಿಲ್ಲ. ಹಾಗಾದರೆ ಯಾವುದನ್ನು ನಂಬುವುದು? ಎಲೆಕೋಸು ಬಿಡಬೇಕಾ? ಯಜಮಾನರಿಗೆ ಬಿಪಿ ಇದೆ, ಅವರಿಗೆ ಯಾವ ಉಪ್ಪು ಒಳ್ಳೆಯದು? ಸೊಸೆ ಈಗ ಎರಡು ತಿಂಗಳ ಗರ್ಭಿಣಿ. ಅವಳೂ ಇದೇ ಅಡುಗೆ ಊಟ ಮಾಡುತ್ತಾಳೆ, ತೊಂದರೆ ಇಲ್ಲ ತಾನೆ?

ಉತ್ತರ:

ನೀವು ಕೊನೆಗೆ ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ತಡಮಾಡಬಾರದ ವಿಷಯ ಅದೊಂದೇ. ಸೈಂಧವ ಉಪ್ಪಿನ ಪ್ಯಾಕೆಟ್ ತೆಗೆದು ನೋಡಿ. ಅದರ ಮೇಲೆ ಅಯೋಡೈಸ್ಡ್ ಎಂದು ಬರೆದಿಲ್ಲದಿದ್ದರೆ ಇವತ್ತಿನಿಂದಲೇ ಮನೆಯ ಅಡುಗೆಗೆ ಅಯೋಡಿನ್ ಇರುವ ಉಪ್ಪು ಹಾಕಿ. ಸೊಸೆಗೆ ಇನ್ನೂ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್, ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ) ಪರೀಕ್ಷೆ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ.

ಇಷ್ಟು ಅವಸರ ಯಾಕೆ ಅಂದರೆ, ಮಗುವಿನ ಮಿದುಳು ಬೆಳೆಯೋಕೆ ಥೈರಾಯ್ಡ್ ಹಾರ್ಮೋನ್ ಬೇಕೇ ಬೇಕು. ಆದರೆ ಮಗುವಿನ ಸ್ವಂತ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಹಿಡಿಯುವುದು ಹೆಚ್ಚುಕಡಿಮೆ ನಾಲ್ಕೂವರೆ ತಿಂಗಳ ಹೊತ್ತಿಗೆ. ಅಲ್ಲಿವರೆಗೆ ತಾಯಿ ಮಾಡಿದ ಹಾರ್ಮೋನೇ ಅದಕ್ಕೂ ಹೋಗಬೇಕು. ಹಾಗಾಗಿ ಗರ್ಭಿಣಿಯ ಥೈರಾಯ್ಡ್ ಮಾಮೂಲಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಹಾರ್ಮೋನ್ ಮಾಡಬೇಕಾಗುತ್ತದೆ. ಆ ಹಾರ್ಮೋನಿನ ಕಚ್ಚಾವಸ್ತು ಅಯೋಡಿನ್. ಥೈರಾಕ್ಸಿನ್ ಎಂಬ ಈ ಹಾರ್ಮೋನಿನ ಒಂದೊಂದು ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣು ಇರುತ್ತವೆ. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಅಯೋಡಿನ್ನೇ. ಅದು ಇಲ್ಲದೆ ಹಾರ್ಮೋನ್ ಆಗುವುದಿಲ್ಲ, ಅದರ ಜಾಗಕ್ಕೆ ಬೇರೆ ಯಾವುದೂ ಬರುವುದಿಲ್ಲ.

ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಗರ್ಭಿಣಿಗೆ 250 ಬೇಕು. ಮೈಕ್ರೋಗ್ರಾಂ ಅಂದರೆ ಎಷ್ಟು ಸಣ್ಣದು ಅಂತ ಅಂದಾಜಿಗೆ ಹೇಳುತ್ತೇನೆ. 70 ವರ್ಷ ಬದುಕುವ ಒಬ್ಬ ಮನುಷ್ಯನಿಗೆ ಇಡೀ ಜೀವಮಾನಕ್ಕೆ ಬೇಕಾಗುವ ಅಯೋಡಿನ್ ನಾಲ್ಕು ಗ್ರಾಂ ಕೂಡ ಆಗುವುದಿಲ್ಲ. ಆದರೆ ಒಟ್ಟಿಗೆ ತಿಂದು ಇಟ್ಟುಕೊಳ್ಳುವ ಹಾಗಿಲ್ಲ, ದಿನಾ ಸ್ವಲ್ಪ ಸ್ವಲ್ಪ ಬರುತ್ತಿರಬೇಕು.

ಇದನ್ನು ಓದಿ ಗಾಬರಿ ಆಗಬೇಡಿ, ಸೊಸೆಯನ್ನೂ ಹೆದರಿಸಬೇಡಿ. ಥೈರಾಯ್ಡ್ ಗ್ರಂಥಿಯಲ್ಲಿ ಕೆಲವು ತಿಂಗಳಿಗೆ ಆಗುವಷ್ಟು ದಾಸ್ತಾನು ಇರುತ್ತದೆ. ಹಾಲು, ಮೊಸರಿನಿಂದಲೂ ಒಂದಿಷ್ಟು ಅಯೋಡಿನ್ ಸಿಗುತ್ತದೆ. ಎಂಟು ತಿಂಗಳು ಸೈಂಧವ ಉಪ್ಪು ತಿಂದ ಮಾತ್ರಕ್ಕೆ ಮಗುವಿಗೆ ಏನೋ ಆಗಿಬಿಟ್ಟಿದೆ ಎಂದಲ್ಲ. ಇನ್ನು ಮುಂದೆ ಕೊರತೆ ಆಗಬಾರದು, ಅಷ್ಟೇ. ಗರ್ಭಿಣಿಯರಿಗೆ ಕೊಡುವ ಮಲ್ಟಿವಿಟಮಿನ್ ಮಾತ್ರೆಗಳಲ್ಲಿ ಕೆಲವಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸೇರಿಸಿರುತ್ತಾರೆ, ಕೆಲವಕ್ಕೆ ಇಲ್ಲ. ಸೊಸೆಯನ್ನು ನೋಡುತ್ತಿರುವ ಹೆರಿಗೆ ಡಾಕ್ಟರಿಗೆ ಇಷ್ಟು ತಿಂಗಳು ಅಯೋಡಿನ್ ಇಲ್ಲದ ಉಪ್ಪು ತಿಂದಿದ್ದೇವೆ ಎಂದು ಹೇಳಿ, ಅಂಥ ಮಾತ್ರೆ ಬೇಕಾ ಎಂದು ಕೇಳಿ. ಮೂತ್ರದಲ್ಲಿ ಅಯೋಡಿನ್ ಪರೀಕ್ಷೆ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ದುಡ್ಡು ಖರ್ಚು ಮಾಡಬೇಡಿ. ಅದು ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಒಂದು ಊರಿನ, ಒಂದು ಜಿಲ್ಲೆಯ ಲೆಕ್ಕ ತೆಗೆಯೋಕೆ ಅದು ಸರಿ. ಒಬ್ಬ ಹೆಣ್ಣುಮಗಳಿಗೆ ಕೊರತೆ ಇದೆಯಾ ಇಲ್ಲವಾ ಎಂದು ಹೇಳೋಕೆ ಆಗುವುದಿಲ್ಲ.

ಅಯೋಡಿನ್ ಹನಿ ಮತ್ತು ಸಮುದ್ರಪಾಚಿಯ ಮಾತ್ರೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವನ್ನು ಮಾತ್ರ ಮುಟ್ಟಬೇಡಿ. ಕೆಲವು ಹನಿಗಳಲ್ಲಿ ಒಂದು ತೊಟ್ಟಿಗೇ ಸಾವಿರಾರು ಮೈಕ್ರೋಗ್ರಾಂ ಇರುತ್ತದೆ. ಅಷ್ಟು ಒಮ್ಮೆಲೇ ಬಂದರೆ ಮಗುವಿನ ಥೈರಾಯ್ಡ್ ಕೆಲಸವನ್ನೇ ನಿಲ್ಲಿಸಬಹುದು.

ಈಗ ನಿಮ್ಮತ್ತೆಯ ಗಡ್ಡೆಗೆ ಬರೋಣ. ಅವರ ಕಾಲದಲ್ಲಿ ಅಯೋಡಿನ್ ಉಪ್ಪು ಇರಲಿಲ್ಲ ಎಂದು ನೀವೇ ಬರೆದಿದ್ದೀರಿ. ಗಡ್ಡೆ ಬಂದಿದ್ದಕ್ಕೆ ಕಾರಣ ಬಹುಮಟ್ಟಿಗೆ ಅದೇ. ಅಯೋಡಿನ್ ಸಾಲದಾದಾಗ ಹಾರ್ಮೋನ್ ಕಡಿಮೆಯಾಗುತ್ತದೆ. ಆಗ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ, ಇನ್ನೂ ಮಾಡು, ಇನ್ನೂ ಮಾಡು ಎಂದು ಟಿಎಸ್‌ಎಚ್ ಕಳಿಸುತ್ತಲೇ ಇರುತ್ತದೆ. ಸಾಮಗ್ರಿ ಇಲ್ಲದ ಥೈರಾಯ್ಡ್ ಗಾತ್ರದಲ್ಲಿ ಬೆಳೆಯುತ್ತದೆ. ಅಕ್ಕಿ ಇಲ್ಲದ ಮನೆಯಲ್ಲಿ ಒಲೆ ದೊಡ್ಡದು ಮಾಡಿದ ಹಾಗೆ. ಇದೇ ಗಳಗಂಡ. ಮಲೆನಾಡಿನಲ್ಲಿ ಇದು ಹೊಸದಲ್ಲ. ಸಾವಿರಾರು ವರ್ಷ ಸುರಿದ ಮಳೆ ಮೇಲ್ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗಿದೆ. ಮಣ್ಣಿನಲ್ಲಿ ಇಲ್ಲದ್ದು ಅಲ್ಲಿ ಬೆಳೆದ ಅಕ್ಕಿಯಲ್ಲಾಗಲಿ, ಸೊಪ್ಪಿನಲ್ಲಾಗಲಿ, ಅಲ್ಲಿ ಮೇಯುವ ಹಸುವಿನ ಹಾಲಿನಲ್ಲಾಗಲಿ ಸಾಕಾಗುವಷ್ಟು ಹೇಗೆ ಬಂದೀತು? ಚಿಕ್ಕಮಗಳೂರು, ಕೊಡಗಿನ ಕಡೆ ಕುತ್ತಿಗೆ ಉಬ್ಬಿದ ಹಿರಿಯರನ್ನು ನಾವು ವೈದ್ಯರು ಈಗಲೂ ನೋಡುತ್ತೇವೆ. ಹಿಮಾಲಯದ ತಪ್ಪಲಿನಲ್ಲಿ ಇದು ಇನ್ನೂ ಜಾಸ್ತಿ ಇತ್ತು.

ಉಪ್ಪಿಗೆ ಅಯೋಡಿನ್ ಸೇರಿಸುವ ನಿರ್ಧಾರಕ್ಕೆ ನಮ್ಮ ದೇಶದಲ್ಲಿ ಆಧಾರವಾಗಿದ್ದು ಅಲ್ಲಿಯ ಕೆಲಸವೇ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಈಗಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯನ್ನು ಮೂರು ಭಾಗ ಮಾಡಿದರು. ಎರಡು ಭಾಗದ ಜನರಿಗೆ ಅಯೋಡಿನ್ ಸೇರಿಸಿದ ಉಪ್ಪು, ನಡುವಿನ ಭಾಗಕ್ಕೆ ಸಾದಾ ಉಪ್ಪು ಹೋಗುವ ವ್ಯವಸ್ಥೆ ಮಾಡಿದರು. ಕೆಲವು ವರ್ಷದಲ್ಲಿ ಆ ಎರಡು ಕಡೆ ಶಾಲೆ ಮಕ್ಕಳ ಗಳಗಂಡ ಇಳಿಯಿತು. ಸಾದಾ ಉಪ್ಪಿನ ಕಡೆ ಇಳಿಯಲಿಲ್ಲ. ಅದೇ ಬೆಟ್ಟ, ಅದೇ ನೀರು, ಹೆಚ್ಚುಕಡಿಮೆ ಅದೇ ಊಟ. ಬದಲಾಗಿದ್ದು ಉಪ್ಪು ಒಂದೇ. 1962ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಆಮೇಲೆ ಕುತ್ತಿಗೆಯ ಗಡ್ಡೆ ಕಣ್ಣಿಗೆ ಕಾಣುವ ತೊಂದರೆ ಮಾತ್ರ, ಗರ್ಭಪಾತ, ಹೊಟ್ಟೆಯಲ್ಲೇ ಮಗು ಸಾಯುವುದು, ಮಕ್ಕಳ ಬುದ್ಧಿ ಬೆಳವಣಿಗೆ ಕುಂಠಿತವಾಗುವುದು ಅದಕ್ಕಿಂತ ದೊಡ್ಡ ನಷ್ಟ ಎಂಬುದು ಗೊತ್ತಾಯಿತು. 1992ರಲ್ಲಿ ಕಾರ್ಯಕ್ರಮದ ಹೆಸರನ್ನೇ ಅಯೋಡಿನ್ ಕೊರತೆಯ ಕಾಯಿಲೆಗಳ ನಿಯಂತ್ರಣ ಎಂದು ಬದಲಾಯಿಸಿದರು.

ಹಾಗಾದರೆ ಪರಿಚಯದವರು ಹೇಳಿದ್ದು ಪೂರ್ತಿ ಸುಳ್ಳಾ? ಸುಳ್ಳಿನೊಳಗೆ ಒಂದು ಚೂರು ನಿಜ ಇದೆ, ಅದನ್ನು ಮುಚ್ಚಿಡಬಾರದು. ಅಯೋಡಿನ್ ಕೊರತೆ ಇದ್ದ ಜನರಿಗೆ ಅಯೋಡಿನ್ ಸಿಗತೊಡಗಿದಾಗ, ಥೈರಾಯ್ಡ್ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ದಾಳಿ ಮಾಡುವ ಕಾಯಿಲೆ ಸ್ವಲ್ಪ ಹೆಚ್ಚುತ್ತದೆ. ಡೆನ್ಮಾರ್ಕ್‌ನಲ್ಲಿ 2000ದಲ್ಲಿ ಅಯೋಡಿನ್ ಉಪ್ಪು ಕಡ್ಡಾಯ ಮಾಡಿದ ಮೇಲೆ ಇದನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಹೊಸದಾಗಿ ಥೈರಾಯ್ಡ್ ಕಡಿಮೆಯಾದವರ ಸಂಖ್ಯೆ ಒಂದಿಷ್ಟು ಏರಿತು, ಗಡ್ಡೆ ಕಡಿಮೆಯಾಯಿತು. ಆದರೂ ಅವರು ಅಯೋಡಿನ್ ನಿಲ್ಲಿಸಲಿಲ್ಲ. ಥೈರಾಯ್ಡ್ ಕಡಿಮೆಯಾದರೆ ದಿನಕ್ಕೊಂದು ಮಾತ್ರೆಯಲ್ಲಿ ಸರಿಹೋಗುತ್ತದೆ. ಹೊಟ್ಟೆಯಲ್ಲಿರುವಾಗ ಅಯೋಡಿನ್ ಸಿಗದೆ ಹಿಂದುಳಿದ ಮಗುವಿನ ಮಿದುಳಿಗೆ ಮಾತ್ರೆಯೇ ಇಲ್ಲ. ಈ ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನನಗೆ ಯೋಚನೆಯೇ ಬೇಕಾಗಿಲ್ಲ.

‘ಮೊದಲೆಲ್ಲ ಥೈರಾಯ್ಡ್ ಇರಲಿಲ್ಲ’ ಎನ್ನುವ ಮಾತಿಗೆ ಇನ್ನೊಂದು ಕಾರಣ ಇದೆ. ಮೊದಲು ಟಿಎಸ್‌ಎಚ್ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿ ಸಿಗುತ್ತಿರಲಿಲ್ಲ. ಸುಸ್ತು, ಮೈ ಊದುವುದು, ಕೂದಲು ಉದುರುವುದು, ಮಲಬದ್ಧತೆ, ಚಳಿ ತಡೆಯದಿರುವುದು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದು ಎಲ್ಲ ಇತ್ತು. ವಯಸ್ಸಾಯಿತು, ಮನೆ ಕೆಲಸ ಜಾಸ್ತಿಯಾಯಿತು ಎಂದು ಹೆಂಗಸರು ಸುಮ್ನೆ ಅನುಭವಿಸಿದರು. ಈಗ ಒಂದು ಸೂಜಿಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ಮನೆಮನೆಯಲ್ಲೂ ಕಾಣುತ್ತದೆ.

ನಿಮ್ಮದು ರೋಗನಿರೋಧಕ ಶಕ್ತಿಯೇ ದಾಳಿ ಮಾಡುವ ಅಂಥದೇ ಕಾಯಿಲೆ. ಆಂಟಿ ಟಿಪಿಒ ಜಾಸ್ತಿ ಇದೆ ಅಂದರೆ ದೇಹವೇ ಥೈರಾಯ್ಡನ್ನು ಪರಕೀಯ ಎಂದುಕೊಂಡು ನಿಧಾನಕ್ಕೆ ಹಾಳು ಮಾಡುತ್ತಿದೆ. ಹಾಶಿಮೊಟೊ ಥೈರಾಯ್ಡೈಟಿಸ್ ಎನ್ನುತ್ತೇವೆ. ಮನೆತನದಲ್ಲಿ ಬರುವ ಒಲವು ಇದಕ್ಕಿದೆ, ಹೆಂಗಸರಲ್ಲಿ ಬಹಳ ಜಾಸ್ತಿ. ಅಯೋಡಿನ್ ಉಪ್ಪು ಬಿಟ್ಟರೆ ಇದು ವಾಸಿಯಾಗುವುದಿಲ್ಲ, ಮಾಮೂಲಿ ಅಳತೆಯಲ್ಲಿ ತಿಂದರೆ ಕೆಡುವುದೂ ಇಲ್ಲ. ಕೆಡಿಸುವುದು ನಾನು ಮೇಲೆ ಹೇಳಿದ ಹನಿ, ಪಾಚಿಗಳಂಥ ವಿಪರೀತದ ಅಳತೆ. ಸಾಮಾನ್ಯ ಆರೋಗ್ಯದವರಿಗೆ ಮೇಲಿನ ಮಿತಿ ದಿನಕ್ಕೆ ಸುಮಾರು 1100 ಮೈಕ್ರೋಗ್ರಾಂ ಎಂದು ಅಮೆರಿಕದ ಲೆಕ್ಕ, ಯುರೋಪಿನವರು 600 ಎನ್ನುತ್ತಾರೆ. 30 ಪಿಪಿಎಂ (ಹತ್ತು ಲಕ್ಷ ಪಾಲಿಗೆ 30 ಪಾಲು ಅಯೋಡಿನ್) ಉಪ್ಪಿನ ಒಂದು ಗ್ರಾಂನಲ್ಲಿ 30 ಮೈಕ್ರೋಗ್ರಾಂ ಇರುತ್ತದೆ. 600 ಮುಟ್ಟೋಕೇ 20 ಗ್ರಾಂ ಉಪ್ಪು ತಿನ್ನಬೇಕು. ಅಷ್ಟು ತಿಂದವರಿಗೆ ಅಯೋಡಿನ್‌ಗಿಂತ ಮೊದಲು ಉಪ್ಪೇ ತೊಂದರೆ ಕೊಡುತ್ತದೆ.

ನಿಮ್ಮ ಟಿಎಸ್‌ಎಚ್ ಇಳಿಯದಿರುವುದಕ್ಕೆ ಉಪ್ಪು ಕಾರಣವಲ್ಲ. ಕಾರಣ ನೀವೇ ಬರೆದಿದ್ದೀರಿ: ಕಾಫಿ ಮತ್ತು ಕ್ಯಾಲ್ಸಿಯಂ. ನಮ್ಮ ಕಡೆ ಹಾಸಿಗೆಯಿಂದ ಎದ್ದವರ ಕೈಗೆ ಮೊದಲು ಬರುವುದೇ ಕಾಫಿ ಲೋಟ, ಅದು ನನಗೆ ಗೊತ್ತು. ಆದರೆ ಥೈರಾಕ್ಸಿನ್ ಮಾತ್ರೆ ಕಾಫಿ ಜೊತೆ ಹೋದರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತದೆ. ಕಬ್ಬಿಣದ ಮಾತ್ರೆಯೂ ಅಷ್ಟೇ. ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ ನುಂಗಿ. ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ, ಕಡೇಪಕ್ಷ ಅರ್ಧ ಗಂಟೆಯಾದರೂ ಬಿಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೆ ಹಾಕಿಕೊಳ್ಳಿ, ಎರಡರ ನಡುವೆ ನಾಲ್ಕು ಗಂಟೆ ಇರಲಿ. ಬೆಳಿಗ್ಗೆ ಕಾಫಿ ತಡ ಮಾಡೋಕೆ ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ ತಗೊಳ್ಳಬಹುದು. ಹೀಗೆ ಮಾಡಿ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ. ಆಗಲೂ ಇಳಿಯದಿದ್ದರೆ ಡೋಸ್ ಹೆಚ್ಚಿಸುವ ಮಾತು. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲು ನಿಲ್ಲಿಸಿ, ಅದು ರಿಪೋರ್ಟನ್ನೇ ತಪ್ಪು ತೋರಿಸುತ್ತದೆ. ಯಾರು ಏನೇ ಹೇಳಿದರೂ ಥೈರಾಯ್ಡ್ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಎಲೆಕೋಸು ತಿನ್ನಿ. ಅದರಲ್ಲಿ, ಹೂಕೋಸಿನಲ್ಲಿ, ಸಾಸಿವೆಯಲ್ಲಿ ಅಯೋಡಿನ್‌ಗೆ ಅಡ್ಡ ಬರುವ ಅಂಶ ಇರುವುದು ನಿಜ. ಬೇಯಿಸಿದಾಗ ಅದು ಬಹಳಷ್ಟು ಕಡಿಮೆಯಾಗುತ್ತದೆ. ಪಲ್ಯಕ್ಕೆ ಹಾಕುವಷ್ಟರಿಂದ ಏನೂ ಆಗುವುದಿಲ್ಲ. ಇಂಥ ಆಹಾರ ತೊಂದರೆ ಕೊಡುವುದು ಅಯೋಡಿನ್ ಮೊದಲೇ ಕಡಿಮೆ ಇದ್ದು, ಮೂರೂ ಹೊತ್ತು ಅದನ್ನೇ ತಿನ್ನುವ ಕಡೆ. ಸೋಯಾ ತಿಂದರೆ ಮಾತ್ರೆಯಿಂದ ದೂರ ಇಡಿ, ಸಾಕು.

ಇನ್ನು ನಿಮ್ಮ ಎರಡು ಉಪ್ಪುಗಳು. ಗುಲಾಬಿ ಸೈಂಧವ ಉಪ್ಪು, 2025ರಲ್ಲಿ ಪಾಕಿಸ್ತಾನದ ಆಮದು ನಿಲ್ಲಿಸುವವರೆಗೆ, ಹೆಚ್ಚಾಗಿ ಬರುತ್ತಿದ್ದುದು ಅಲ್ಲಿಯ ಖೇವ್ರಾ ಗಣಿಯಿಂದ. ಹಿಂದೆಂದೋ ಒಣಗಿದ ಸಮುದ್ರದ ಉಪ್ಪು ಅದು. ಬಣ್ಣ ಬಂದಿರುವುದು ಕಬ್ಬಿಣದ ಅಂಶದಿಂದ. ಅದರಲ್ಲಿ ಹತ್ತಾರು ಖನಿಜ ಇರುವುದು ನಿಜವಾದರೂ ಚಿಟಿಕೆ ಉಪ್ಪಿನಲ್ಲಿ ಅವು ಲೆಕ್ಕಕ್ಕೆ ಬರುವಷ್ಟಿಲ್ಲ. ಅಯೋಡಿನ್ ಅಂತೂ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ಹರಳುಪ್ಪಿನಲ್ಲಿ ಅಯೋಡಿನ್ ಇರಲೇಬೇಕು ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು, ಸುಮಾರು 60 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ಅಷ್ಟೂ ಉಪ್ಪಿನಲ್ಲೇ ಉಳಿದರೂ ಗ್ರಾಂಗೆ ಎರಡು ಮೈಕ್ರೋಗ್ರಾಂ ಆಗುವುದಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಂಥ ಉಪ್ಪಿನಾಗರಗಳಲ್ಲಿ ಬಿಸಿಲಿಗೆ ಉಪ್ಪು ಹರಳುಗಟ್ಟುವಾಗ ಅಯೋಡಿನ್‌ನ ಬಹುಪಾಲು ಉಳಿದ ಕಹಿನೀರಿನ ಜೊತೆ ಹೋಗಿಬಿಡುತ್ತದೆ. ಉಪ್ಪಿನಕಾಯಿಗೆ ಗೋಕರ್ಣದ ಕಡೆಯ ಉಪ್ಪು ಹಾಕಿ, ತೊಂದರೆಯಿಲ್ಲ. ಅದರ ರುಚಿ ನಿಮಗೆ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ದಿನದ ಸಾರು, ಪಲ್ಯ, ಮಜ್ಜಿಗೆಗೆ ಮಾತ್ರ ಅಯೋಡಿನ್ ಉಪ್ಪು ಇರಲಿ.

ಅಯೋಡಿನ್ ಉಪ್ಪಿನಲ್ಲಿ ಸಯನೈಡ್ ಇದೆ ಎಂಬ ಸುದ್ದಿಯೂ ನಿಮ್ಮ ಫೋನಿಗೆ ಬಂದಿರಬಹುದು. ಉಪ್ಪು ಗಂಟು ಕಟ್ಟದ ಹಾಗೆ ಹಾಕುವ ಫೆರೋಸಯನೈಡ್ ಬಗ್ಗೆ ಹುಟ್ಟಿದ ಮಾತು ಅದು. ಅದರಲ್ಲಿ ಸಯನೈಡ್ ಭಾಗವನ್ನು ಕಬ್ಬಿಣ ಗಟ್ಟಿಯಾಗಿ ಹಿಡಿದಿರುತ್ತದೆ, ಹೊಟ್ಟೆಯಲ್ಲಿ ಬಿಡಿಸಿಕೊಂಡು ಬರುವುದಿಲ್ಲ. ಕಿಲೋಗೆ 10 ಮಿಲಿಗ್ರಾಂ ಎಂಬ ಮಿತಿಯೂ ಇದೆ.

ನಮ್ಮ ಕಾನೂನಿನ ಪ್ರಕಾರ ಅಂಗಡಿಯಿಂದ ಮನೆಗೆ ಬರುವಾಗ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು, ಕಾರ್ಖಾನೆಯಲ್ಲಿ ಅದಕ್ಕಿಂತ ಹೆಚ್ಚು ಇರಬೇಕು. ದಾರಿಯಲ್ಲಿ ಒಂದಿಷ್ಟು ಹೋಗುತ್ತದೆ ಎಂದು ಕಾನೂನೇ ಒಪ್ಪಿಕೊಂಡಿದೆ. ಇನ್ನಷ್ಟು ಹೋಗುವುದು ನಮ್ಮ ಅಡುಗೆಮನೆಯಲ್ಲಿ. ಮಳೆಗಾಲದಲ್ಲಿ ನಿಮ್ಮ ಕಡೆ ಉಪ್ಪು ನೀರೊಡೆಯುತ್ತದೆ. ಆ ನೀರಿನ ಜೊತೆ ಅಯೋಡಿನ್ ತಳಕ್ಕೆ ಇಳಿಯುತ್ತದೆ. ಒಲೆ ಪಕ್ಕ ಬಾಯಿ ತೆರೆದ ಡಬ್ಬಿಯಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಜಾಡಿ, ಒಣ ಚಮಚ, ಒಂದು ಕಿಲೋಗಿಂತ ದೊಡ್ಡ ಪ್ಯಾಕೆಟ್ ಬೇಡ. ಅಯೋಡಿನ್ ಹರಳುಪ್ಪು ತಂದರೆ, ಕೊಳೆ ಇದೆ ಎಂದು ತೊಳೆಯುವ ಅಭ್ಯಾಸ ಕೆಲವರಿಗೆ ಇದೆ. ಅಯೋಡಿನ್ ಸಿಂಪಡಿಸಿರುವುದು ಹರಳಿನ ಮೈಮೇಲೆ. ತೊಳೆದರೆ ಅದೇ ಮೊದಲು ಹೋಗುವುದು. ಸಾರು ಕುದಿದು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಇನ್ನೂ ಒಳ್ಳೆಯದು.

ಯಜಮಾನರ ಬಿಪಿಗೆ ಸೈಂಧವ ಉಪ್ಪಿನಿಂದ ಲಾಭವಿಲ್ಲ. ಅದರಲ್ಲಿರುವುದೂ ಸೋಡಿಯಂ ಕ್ಲೋರೈಡೇ. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ ಮೀರಬಾರದು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಕಡಿಮೆ ಮಾಡಿ, ಉಪ್ಪಿನ ದೊಡ್ಡ ಪಾಲು ಅಲ್ಲೇ ಇಳಿಯುತ್ತದೆ. ತಿನ್ನುವ ಅಷ್ಟು ಉಪ್ಪು ಅಯೋಡಿನ್ ಇರುವುದೇ ಆಗಿರಲಿ. ಬಿಪಿಗೆಂದು ಮಾರುವ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು ಮತ್ತು ಕೆಲವು ಬಗೆಯ ಬಿಪಿ ಮಾತ್ರೆ ತಗೊಳ್ಳುವವರು ತಿನ್ನಬಾರದು. ಅವರ ಡಾಕ್ಟರಿಗೆ ಕೇಳದೆ ತರಬೇಡಿ.

ಅಯೋಡಿನ್ ಉಪ್ಪು ಬಿಡಿ ಎಂದು ನಾವೇ ಹೇಳುವ ಸಂದರ್ಭ ಒಂದಿದೆ. ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೋಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಕೊಡುವ ಮೊದಲು ಒಂದೆರಡು ವಾರ ಮಾತ್ರ. ನಿಮಗದು ಅನ್ವಯಿಸುವುದಿಲ್ಲ.

ಸೊಸೆಯ ಟಿಎಸ್‌ಎಚ್ ಜಾಸ್ತಿ ಬಂದರೆ ಡಾಕ್ಟರು ಅವಳಿಗೂ ಥೈರಾಕ್ಸಿನ್ ಶುರು ಮಾಡಬಹುದು. ಗರ್ಭಿಣಿಗೆ ಅದು ಸುರಕ್ಷಿತ, ಹೆದರಿ ಬಿಡಿಸಬೇಡಿ. ಅವಳ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ನಾಲ್ಕು ಗಂಟೆಯ ಅಂತರ ಇರಲಿ. ಐದನೇ ತಿಂಗಳವರೆಗೆ ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡಿಸಬೇಕಾಗುತ್ತದೆ. ಮೊಲೆಯುಣಿಸುವಾಗಲೂ ಗರ್ಭಿಣಿಗೆ ಬೇಕಾದಷ್ಟೇ ಅಯೋಡಿನ್ ಬೇಕು, ಬಾಣಂತಿ ಪಥ್ಯ ಎಂದು ಉಪ್ಪು ಬದಲಾಯಿಸಬೇಡಿ. ಹೆರಿಗೆಯಾದ ಎರಡು ಮೂರು ದಿನಕ್ಕೆ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡುತ್ತಾರೆ. ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರುತ್ತದೆ. ಅದಕ್ಕೆ ಬಹಳ ಸಲ ತಾಯಿಯ ಊಟ ಕಾರಣವೇ ಅಲ್ಲ. ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಆ ಮಕ್ಕಳು ಎಲ್ಲರ ಹಾಗೆಯೇ ಬೆಳೆಯುತ್ತಾರೆ. ಎಲ್ಲ ಆಸ್ಪತ್ರೆಯಲ್ಲೂ ಈ ಪರೀಕ್ಷೆಯನ್ನು ತಾವಾಗಿ ಮಾಡುವುದಿಲ್ಲ. ಮನೆಗೆ ಹೊರಡುವ ಮೊದಲು ನೀವೇ ಕೇಳಿ ಮಾಡಿಸಿ.